ನಿನ್ನ ಶನಿವಾರದ ಗುಂಪಿನ ಬಗ್ಗೆ

ಅಣ್ಣನಿಗೆ, ತಂಗಿ ಬರೆಯುವುದು.

ಹಳೇ ಪೇಟೆಯ ಬೀದಿ ತಿಂಡಿ ತೋರಿಸುತ್ತಾ ಜನರನ್ನು ಸುತ್ತಾಡಿಸುವ ನಿನ್ನ ಕೆಲಸ ಚೆನ್ನಾಗಿ ಕೈಹಿಡಿದಿದೆ. ನಮ್ಮ ಅಂಗಡಿಯನ್ನೂ ಪಟ್ಟಿಯಲ್ಲಿ ನಾಲ್ಕನೆಯದಾಗಿ ಸೇರಿಸಿಕೊಂಡೆ, ಸಂತೋಷ. ನಾನು ನಿನ್ನ ತಂಗಿ ಎಂದು ಅವರಿಗೆ ಹೇಳದಿದ್ದರೂ ಬೇಜಾರಿಲ್ಲ. ಮೈಯೆಲ್ಲ ಎಣ್ಣೆ ವಾಸನೆಯವಳನ್ನು ತಂಗಿ ಎನ್ನಲು ನಿನಗೆ ಮುಜುಗರವಿರಬಹುದು.

ಆದರೆ ಹೋದ ತಿಂಗಳು ನನ್ನ ಬಾಣಲೆಯ ಮುಂದೆ ನಿಂತು, "ಈ ಅಂಗಡಿ ಶುರು ಮಾಡಿದ ಅಜ್ಜಿ ಈಗಿಲ್ಲ, ಅವರ ಕೈರುಚಿ ಮಾತ್ರ ಉಳ್ಕೊಂಡಿದೆ" ಅಂದೆಯಲ್ಲ. ಗುಂಪಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಈ ಅಂಗಡಿ ಶುರು ಮಾಡಿದ ನಮ್ಮ ಅಮ್ಮ ನನ್ನ ಬೆನ್ನ ಹಿಂದೆಯೇ ಈರುಳ್ಳಿ ಸುಲಿಯುತ್ತಾ ಕೂತಿದ್ದಳು. ನೀನು ನೋಡಿಯೂ ನೋಡದ ಹಾಗೆ ಮುಂದೆ ಹೋದೆ.

ನಾನು ಸೌಟು ಹಿಡಿದುಕೊಂಡೇ ನಿನ್ನ ಹಿಂದೆ ಬರುವವಳಿದ್ದೆ. ಅಮ್ಮ ಕೈಹಿಡಿದು ನಿಲ್ಲಿಸಿ, "ಸುಮ್ನಿರೇ, ಅವನ ಹೊಟ್ಟೆಪಾಡು" ಅಂದಳು.

ಈಗ ಪ್ರತಿ ಶನಿವಾರ ನೀನು ಬರುವ ಹೊತ್ತಿಗೆ ಅವಳೇ ಎದ್ದು, ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ನಿನ್ನ ಮಾತು ಸುಳ್ಳಾಗಬಾರದಂತೆ.

ನಾನು ಕೇಳಿಕೊಳ್ಳುವುದು ಇಷ್ಟೇ. ಹೇಳಿದ ಹೊತ್ತಿಗೆ ಸರಿಯಾಗಿ ಬಾ. ಹೋದ ವಾರ ಒಂದು ಗಂಟೆ ತಡಮಾಡಿದೆ. ಆ ಕೋಣೆಗೆ ಕಿಟಕಿಯಿಲ್ಲ.

ಇಂತಿ,
ನಿನ್ನ ನಾಲ್ಕನೆಯ ಅಂಗಡಿಯವಳು