ರೊಟ್ಟಿಯ ಜಗಳವನ್ನು ಸಾಕಿಕೊಂಡ ಓಣಿ

ಗಾಳಿಗಿರಣಿ ಓಣಿ, ಗದಗ
ಕ್ರಿ.ಶ. ೨೪೧೭, ಹದಿಮೂರನೆಯ ತಿಂಗಳ ಮೊದಲ ಶನಿವಾರ

ನಾಲ್ಕು ನೂರು ವರ್ಷ ಹಿಂದೆ ಕುಳಿತು ಗುಂಪುಗಳನ್ನು ನಡೆಸುತ್ತಿರುವ ಎಲ್ಲ ಅಡ್ಮಿನ್‌ಗಳಿಗೆ ಗೌರಾಂಬೆ ಹೂಲಿಕಟ್ಟಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮಗೆ ಹದಿಮೂರನೆಯ ತಿಂಗಳೊಂದಿದೆ. ಬಿಡುವು ಎಂದು ಅದರ ಹೆಸರು. ಆ ತಿಂಗಳು ಯಾರೂ ಕೆಲಸ ಮಾಡುವುದಿಲ್ಲ; ಮದುವೆ ಮಾಡುತ್ತೇವೆ, ಇಲ್ಲವೇ ಬಾಕಿ ಉಳಿದ ಜಗಳ ಮುಗಿಸುತ್ತೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಗುಂಪುಗಳ ಹಳೆಯ ಮೆಸೇಜುಗಳಿಂದ. ಹೀಗಾಗಿ ಪ್ರತಿ ವಾಕ್ಯದ ಕೊನೆಗೂ ಮುಗಿದ ಕೈಗಳ ಚಿತ್ರ ಹಾಕುವುದು ಕನ್ನಡದ ನಿಯಮವೆಂದು ಬಹಳ ಕಾಲ ನಂಬಿದ್ದೆ. ನಮ್ಮ ಪಂಡಿತರೊಬ್ಬರಂತೂ ನಿಮ್ಮ ಶುಭೋದಯದ ಗುಲಾಬಿಗಳನ್ನೆಲ್ಲ ನೋಡಿ, ನೀವು ಗುಲಾಬಿಯನ್ನು ಪೂಜಿಸುತ್ತಿದ್ದಿರೆಂದು ದಪ್ಪ ಪುಸ್ತಕವನ್ನೇ ಬರೆದಿದ್ದಾರೆ.

ನಾನು ನಮ್ಮ ಓಣಿಯ ಕಟ್ಟೆಗಾರ್ತಿ. ನೀವು ಗುಂಪು ಎನ್ನುವುದನ್ನು ನಾವು ಕಟ್ಟೆ ಎನ್ನುತ್ತೇವೆ. ಅಡ್ಮಿನ್ ಕೆಲಸವೇ ನನ್ನದು, ಆದರೆ ಯಾರನ್ನೂ ಹೊರಗೆ ಹಾಕುವ ಅಧಿಕಾರ ನನಗಿಲ್ಲ. ಗುಡ್ಡದ ಮೇಲಿನ ಗಾಳಿಗಿರಣಿಗಳು ತಿರುಗುವಷ್ಟು ಹೊತ್ತು ನಮ್ಮ ಕಟ್ಟೆಯೂ ನಡೆಯುತ್ತದೆ. ಗಾಳಿ ಬಿದ್ದರೆ ಕಟ್ಟೆಯೂ ಮಲಗುತ್ತದೆ, ನಮಗೂ ಕಣ್ಣು ಕಿವಿಗೆ ವಿಶ್ರಾಂತಿ. ಓಣಿಗೆಲ್ಲ ಒಂದೇ ಅಡುಗೆಮನೆ ಇರುವುದರಿಂದ ನಾಳೆ ಕಾಳು ಯಾವುದು, ಪಲ್ಯ ಯಾವುದು ಎನ್ನುವುದೆಲ್ಲ ಅಲ್ಲಿಯೇ ತೀರ್ಮಾನವಾಗಬೇಕು. ಸಿಟ್ಟಿನಲ್ಲಿ ಬರೆದ ಮಾತು ನಮ್ಮಲ್ಲಿ ಕೂಡಲೇ ಯಾರಿಗೂ ತಲುಪುವುದಿಲ್ಲ. ಅದನ್ನು ನೆನೆಹಾಕುತ್ತೇವೆ. ಒಂದು ಪಾತ್ರೆ ಬೇಳೆ ಬೇಯುವಷ್ಟು ಹೊತ್ತು ಅದು ಬರೆದವರ ಬಳಿಯೇ ಕುಳಿತಿದ್ದು, ಆಮೇಲೆ "ಕಳಿಸಲೇ?" ಎಂದು ಕೇಳುತ್ತದೆ. ಹೆಚ್ಚಿನವರು ನಾಚಿಕೊಂಡು ಅಳಿಸುತ್ತಾರೆ. ಆದರೆ ಕೆಲವು ಮಾತುಗಳು ಎಷ್ಟು ನೆನೆದರೂ ಮೆತ್ತಗಾಗುವುದಿಲ್ಲ. ನನ್ನ ಮದುವೆ ಮುರಿಯುವ ಹಂತಕ್ಕೆ ಬಂದದ್ದು ಅಂಥ ಒಂದು ಮಾತಿನಿಂದ.

ನನಗೂ ಎದುರುಮನೆಯ ಅಡಿವೆಪ್ಪನಿಗೂ ಮದುವೆ ಗೊತ್ತಾಗಿತ್ತು. ಅವನು ಗಿರಣಿ ಏರಿ ರೆಕ್ಕೆ ರಿಪೇರಿ ಮಾಡುವವನು. ಮೇಲಿನಿಂದ ನಮ್ಮ ಮಾಳಿಗೆ ಕಾಣುತ್ತದೆಂದು ಬೇಗ ಇಳಿಯುವುದೇ ಇಲ್ಲ. ಊಟದ ಮಾತು ಕಟ್ಟೆಗೆ ಬಂದ ದಿನ ನನ್ನ ಅವ್ವ ಚನ್ನವ್ವ ಬರೆದಳು: "ರೊಟ್ಟಿ ಅಂದ್ರ ಕೈಲೆ ಬಡೀಬೇಕು. ಲಟ್ಟಿಸಿದ್ದು ಅತ್ತ ರೊಟ್ಟಿನೂ ಅಲ್ಲ, ಇತ್ತ ಚಪಾತಿನೂ ಅಲ್ಲ." ಅಡಿವೆಪ್ಪನ ಅವ್ವ ಗುರುಬಸವ್ವನವರ ಮನೆಯಲ್ಲಿ ಜೋಳದ ರೊಟ್ಟಿಯನ್ನು ಲಟ್ಟಣಿಗೆಯಿಂದಲೇ ಮಾಡುತ್ತಾರೆಂಬುದು ಇಡೀ ಓಣಿಗೆ ಗೊತ್ತು. ಬೇಳೆ ಬೆಂದಿತು, ಆರಿತು, ಆಮೇಲೆ ಅವರ ಉತ್ತರ ಬಂತು: "ನಮ್ಮ ರೊಟ್ಟಿ ಸೇರದವ್ರ ಮನಿ ಹೆಣ್ಣು ನಮಗ್ಯಾಕ ಬೇಕ್ರಿ?" ಅಷ್ಟು ಹೇಳಿ ಅವರು ಕಟ್ಟೆ ಬಿಟ್ಟು ಇಳಿದರು.

ನಿಮ್ಮಲ್ಲಿ ಗುಂಪು ಬಿಟ್ಟವರು ಬಿಟ್ಟರು, ಕೆಳಗೆ ಒಂದು ಸಾಲು ಬಂತು, ಕಥೆ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಬಿಟ್ಟವರು ಅಮಾವಾಸ್ಯೆಯವರೆಗೆ ಹೊಸ್ತಿಲ ಮೇಲಿರುತ್ತಾರೆ, ಒಳಗೂ ಇಲ್ಲ ಹೊರಗೂ ಇಲ್ಲ. ಅಷ್ಟರೊಳಗೆ ಮರಳದಿದ್ದರೆ ಆ ಎರಡು ಮನೆಗಳ ನಡುವೆ ಇರುವ ಯಾವ ಒಪ್ಪಂದವೂ ಉಳಿಯುವುದಿಲ್ಲ. ಅಂದರೆ ನನ್ನ ಮದುವೆಯೂ ಮುರಿದಂತೆಯೇ. ಅಡಿವೆಪ್ಪ ಗಿರಣಿಯ ಮೇಲೆ ಕುಳಿತು ಉಪವಾಸ ಮಾಡುತ್ತೇನೆಂದ, ಸಂಜೆಗೆ ಹಸಿವಾಗಿ ಇಳಿದು ಬಂದ. ನನಗೋ ಅಳಲೂ ಆಗದ ಸ್ಥಿತಿ. ಕಟ್ಟೆಗಾರ್ತಿ ಯಾರ ಪಕ್ಷವನ್ನೂ ಹಿಡಿಯಬಾರದು. ಅವ್ವನನ್ನು ಬೈದರೂ ತಪ್ಪು, ಅತ್ತೆಯಾಗುವವರನ್ನು ಬೈದರೂ ತಪ್ಪು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ನಡುವಿನ ನೊಗ ನಾನಾಗಿದ್ದೆ.

ನನ್ನ ಕೈಯಲ್ಲಿದ್ದದ್ದು ಅದಲುಬದಲು ಒಂದೇ. ಇದು ನಮ್ಮ ಹಳೆಯ ಪದ್ಧತಿ. ಜಗಳ ಗಂಟಾದಾಗ ಇಬ್ಬರೂ, ಹೊಸ್ತಿಲ ಮೇಲಿರುವವರು ಸಹ, ತಂತಮ್ಮ ಪಕ್ಷ ಬಿಟ್ಟು ಎದುರಾಳಿಯ ಪರವಾಗಿ ಕಟ್ಟೆಯಲ್ಲಿ ವಾದಿಸಬೇಕು. ಊಹಿಸಿ ವಾದಿಸುವಂತಿಲ್ಲ. ಎದುರಾಳಿಯ ಮನೆಗೆ ಹೋಗಿ, ಕುಳಿತು, ನೀವೇಕೆ ಹೀಗೆನ್ನುತ್ತೀರಿ ಎಂದು ಕೇಳಿ ತಿಳಿಯಬೇಕು. ನೀನು ಹೇಳಿದ್ದು ಸರಿಯಾಗಿದೆ ಎಂದು ಆ ಎದುರಾಳಿಯೇ ಒಪ್ಪಬೇಕು. ಆಮೇಲೆ ಇಬ್ಬರೂ ತಮ್ಮ ತಮ್ಮ ಪಕ್ಷಕ್ಕೆ ವಾಪಸು. ಅಷ್ಟರಲ್ಲಿ ಬಿಸಿ ಇಳಿದಿರುತ್ತದೆ.

ಅವ್ವ ಮುಖ ಗಂಟುಹಾಕಿಕೊಂಡೇ ರಸ್ತೆ ದಾಟಿದಳು. ಗುರುಬಸವ್ವನವರು ಮೊದಲು ಚಹಾ ಕೊಟ್ಟರಂತೆ. ಆಮೇಲೆ ಹೇಳಿದರು. ಅವರ ತಾಯಿ ಅವರನ್ನು ತೊಟ್ಟಿಲಲ್ಲಿ ಬಿಟ್ಟೇ ತೀರಿಕೊಂಡಿದ್ದರು. ಅಪ್ಪ ಗಿರಣಿ ಕೆಲಸದವರು; ಬಡಿಯಲು ಹೋದರೆ ಒಡೆದ ಅಂಗೈಗೆ ಹಿಟ್ಟೆಲ್ಲ ಅಂಟುತ್ತಿತ್ತು. ಅದಕ್ಕೆ ಗಿರಣಿಯ ಒಂದು ಕೊಳವೆ ತುಂಡನ್ನು ತಿಕ್ಕಿ ತೊಳೆದು, ಅದರಿಂದ ಲಟ್ಟಿಸಿ ಮಗಳಿಗೆ ರೊಟ್ಟಿ ಹಾಕಿದರು. ಅವ್ವ ಮನೆಗೆ ಬಂದವಳೇ ಕಟ್ಟೆಯಲ್ಲಿ ಬರೆದಳು: "ಬಡಿಯೂದನ್ನ ಕಲಿಸಾಕ ತಾಯಿ ಇರಬೇಕ್ರಿ. ಇಲ್ಲದ ಕೂಸಿಗೆ ಅಪ್ಪ ಲಟ್ಟಿಸಿ ಕೊಟ್ಟ ರೊಟ್ಟಿಗೆ ಹೆಸರಿಡೂ ನಾಲಿಗಿ ನನಗಿಲ್ಲ." ಓದಿ ನನ್ನ ಕಣ್ಣು ತುಂಬಿತು. ಹೊಸ್ತಿಲ ಮೇಲಿದ್ದ ಗುರುಬಸವ್ವನವರು ಒಂದೇ ಮಾತು ಬರೆದರು: "ಹೌದವ್ವ, ಇದ ನೋಡು ನಾ ಹೇಳಬೇಕಂದಿದ್ದು."

ಮರುದಿನ ಅವರು ನಮ್ಮ ಮನೆಗೆ ಬಂದು ಅವ್ವನ ಕಥೆ ಕೇಳಿದರು. ಅವ್ವನನ್ನು ಬೆಳೆಸಿದ್ದು ಅವಳ ಅಜ್ಜಿ. ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಮೊಮ್ಮಗಳ ರೊಟ್ಟಿ ದಪ್ಪವಾಯಿತೋ ತೆಳ್ಳಗಾಯಿತೋ ಎಂಬುದನ್ನು ಬಡಿಯುವ ಸದ್ದಿನಿಂದಲೇ ತಿಳಿದು, ಪಡಸಾಲೆಯಿಂದಲೇ ಹೇಳಿಕೊಡುತ್ತಿದ್ದಳು. ಗುರುಬಸವ್ವನವರು ಆ ಸದ್ದಿನ ಪರವಾಗಿ ಎಷ್ಟು ಸೊಗಸಾಗಿ ವಾದಿಸಿದರೆಂದರೆ, ಓಣಿಯ ಗಂಡಸರೂ ರೊಟ್ಟಿ ಬಡಿಯಲು ಪರಾತ ಹುಡುಕತೊಡಗಿದರು. ಅಮಾವಾಸ್ಯೆಗೆ ಮುಂಚೆಯೇ ಅವರು ಕಟ್ಟೆಗೆ ಮರಳಿದರು. ಅಡಿವೆಪ್ಪ ಗಿರಣಿಯ ತುದಿಯಿಂದ ಕೂಗಿದ ಕೂಗು ಪೇಟೆಗೆಲ್ಲ ಕೇಳಿಸಿತಂತೆ.

ಆದರೆ ಆಗಬಾರದ್ದೊಂದು ಆಯಿತು. ತಂತಮ್ಮ ಪಕ್ಷಕ್ಕೆ ವಾಪಸು ಹೋಗಬೇಕಾದವರು ಇಬ್ಬರೂ ಹೋಗಲಿಲ್ಲ. ಗುರುಬಸವ್ವನವರು ಬೆಳಗಾದರೆ ಬಡಿಯುವುದೇ ಶ್ರೇಷ್ಠ ಎನ್ನತೊಡಗಿದರು. ಅವ್ವ ಎದೆ ಸೆಟೆಸಿ ಲಟ್ಟಣಿಗೆಯ ಪರ ನಿಂತಳು. ಅದೇ ಜಗಳ, ಅದೇ ಇಬ್ಬರು, ಆದರೆ ಈ ಸಲ ಇಬ್ಬರಿಗೂ ಸಿಟ್ಟಿಲ್ಲ, ಖುಷಿಯೇ ಖುಷಿ! ದಿನ ಬೆಳಗಾದರೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಕಟ್ಟೆಗೆ ಬರುತ್ತಾರೆ. ಇಂಥದ್ದು ಓಣಿಯಲ್ಲಿ ಹಿಂದೆಂದೂ ಆಗಿರಲಿಲ್ಲ. ಹಿರಿಯರನ್ನು ಕೇಳಿ, ನಾನು ಇದನ್ನು ಸಾಕಿದ ಜಗಳವೆಂದು ಸಾರಿದೆ. ಅಂದರೆ ಇದನ್ನು ಯಾರೂ ಮುಗಿಸಬಾರದು. ಕರುವಿಗೆ ಹುಲ್ಲು ಹಾಕುವ ಹಾಗೆ ಓಣಿಯವರೆಲ್ಲ ದಿನಕ್ಕೊಂದು ಮಾತು ಹಾಕಿ ಸಾಕಬೇಕು.

ಇಂದು ನನ್ನ ಮದುವೆಯಾಯಿತು. ಊಟಕ್ಕೆ ಇಬ್ಬರೂ ಬೀಗಿತ್ತಿಯರು ಹೊಸದಾಗಿ ಕಲಿತ ರೊಟ್ಟಿಯನ್ನೇ ಮಾಡಿದರು. ಅವ್ವ ಲಟ್ಟಿಸಿದ್ದು ಹರಿದು ಹೋಗುತ್ತಿತ್ತು, ಅತ್ತೆ ಬಡಿದದ್ದು ಅಂಗೈ ದಪ್ಪ ಇತ್ತು. ಬಂದವರು ನಕ್ಕು ನಕ್ಕು ಉಂಡರು, ಎಣ್ಣೆಗಾಯಿ ಮಾತ್ರ ಯಾರಿಗೂ ಸಾಲಲಿಲ್ಲ. ನನಗಂತೂ ಇಷ್ಟು ಸಂತೋಷ ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಗುಂಪಿನಿಂದಲೂ ಯಾರೋ ಸಿಟ್ಟು ಮಾಡಿಕೊಂಡು ಹೋಗಿರುತ್ತಾರೆ. ಅವರನ್ನು ಬೆರಳಿನಿಂದ ಒತ್ತಿ ಮತ್ತೆ ಸೇರಿಸಬೇಡಿ. ಮನೆಗೆ ಹೋಗಿ, ಕೊಟ್ಟ ಚಹಾ ಕುಡಿದು, ನೀವೇಕೆ ಹಾಗೆಂದಿರಿ ಎಂದು ಕೇಳಿ. ಉತ್ತರ ಬರುವವರೆಗೆ ಏಳಬೇಡಿ.

ಈಗ ನಾನು ಏಳಬೇಕು. ಅಡುಗೆಮನೆಯಿಂದ ಇಬ್ಬರೂ ಒಟ್ಟಿಗೆ ಕೂಗುತ್ತಿದ್ದಾರೆ, ಯಾರ ರೊಟ್ಟಿ ರುಚಿ ಎಂದು ಮದುಮಗಳೇ ಹೇಳಬೇಕಂತೆ. ಕಟ್ಟೆಗಾರ್ತಿಯ ಧರ್ಮ ನೆನೆದು ಎರಡೂ ಚೆನ್ನಾಗಿವೆ ಎನ್ನುತ್ತೇನೆ. ನೀವು ನಾಲ್ಕು ನೂರು ವರ್ಷ ದೂರ ಇದ್ದೀರೆಂಬ ಧೈರ್ಯದ ಮೇಲೆ ನಿಮಗೆ ಮಾತ್ರ ನಿಜ ಹೇಳುತ್ತೇನೆ: ನನಗೆ ಹುಟ್ಟಿದಾಗಿನಿಂದ ಇಷ್ಟವಾದದ್ದು ಅನ್ನ. ಕೈಮುಗಿದು ಕೇಳುತ್ತೇನೆ, ಇದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ.