ಹಾರ್ಡ್‌ಡಿಸ್ಕಿನಲ್ಲಿದ್ದ ಹೆಸರು

ಹಾಸ್ಟೆಲ್, ತಿಪಟೂರು
೧೨-೯-೨೦೦೪

ಹುಳಿಯಾರಿನ ಓಬಳೇಶ್ ಅವರಿಗೆ,

ಭಾವ ಎಂದು ಈಗಲೇ ಬರೆಯಲು ಕೈ ಬರುತ್ತಿಲ್ಲ, ಸಾರಿ. ನೀವು ಜೋಡಿಸಿಕೊಟ್ಟ ಕಂಪ್ಯೂಟರ್ ಚೆನ್ನಾಗಿದೆ. ಲ್ಯಾಬ್‌ಗೆ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಬೇಕಿತ್ತು. ವಿಂಡೋಸ್ ಪಕ್ಕದಲ್ಲಿ ಅದಕ್ಕೊಂದು ಜಾಗ ಮಾಡೋಣವೆಂದು ಹಾರ್ಡ್‌ಡಿಸ್ಕ್ ಪಾರ್ಟಿಷನ್ ಮಾಡಹೊರಟರೆ, ಅಲ್ಲಿ ಆಗಲೇ ಒಂದು ಲಿನಕ್ಸ್ ಅವಿತು ಕೂತಿತ್ತು. ಬೂಟ್ ಮಾಡಿದರೆ ‘ರೇಣುಕಾ’ ಎಂಬ ಹೆಸರು ತೋರಿಸಿ ಪಾಸ್‌ವರ್ಡ್ ಕೇಳುತ್ತದೆ.

ಕೊಟ್ಟ ದಿನ ಹೊಸದೇನಾ ಎಂದು ಕೇಳಿದ್ದಕ್ಕೆ “ಡಿಸ್ಕ್ ಹೊಸಾದು ಕಣಪ್ಪ, ಸೀಲ್ ಒಡ್ದೋನೇ ನಾನು” ಅಂದಿದ್ದಿರಿ. ಅಲ್ಲಾಡಿಸಿ ಕಿವಿಗೊಡದೆ ಒಂದು ತೆಂಗಿನಕಾಯಿಯನ್ನೂ ಸುಲಿಯದ ನಮ್ಮಪ್ಪ, “ಅಳಿಯ ಆಗೋನ ಮೇಲೂ ಡೌಟಾ? ಸುಮ್ಕಿರ್ಲಾ” ಎಂದು ನನ್ನನ್ನೇ ಗದರಿದ್ದರು.

ವನಜಕ್ಕನಿಗೆ ಇನ್ನೂ ಹೇಳಿಲ್ಲ. ಆ ಪಾರ್ಟಿಷನ್ ಡಿಲೀಟ್ ಮಾಡಿಲ್ಲ. ಪಾಸ್‌ವರ್ಡ್ ಗೆಸ್ ಮಾಡಲೂ ಹೋಗಿಲ್ಲ. ನಿಜ ಹೇಳಬೇಕೆಂದರೆ, ಭಯ. ನಿಮ್ಮಿಬ್ಬರ ವೀಳ್ಯಶಾಸ್ತ್ರಕ್ಕೆ ಮುಂಚೆ ಈ ರೇಣುಕಾ ಯಾರೆಂದು ದಯವಿಟ್ಟು ಎರಡು ಸಾಲು ಬರೆಯಿರಿ. ಯಾರದೋ ಹಳೇ ಡಿಸ್ಕನ್ನು ಹೊಸದೆಂದು ನನಗೆ ದಾಟಿಸಿದ್ದರೆ ಹಾಗೆಂದೇ ಒಪ್ಪಿಕೊಳ್ಳಿ. ನೀವು ಮಾಡಿರುವ ಮೋಸ ಅಷ್ಟೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಇತಿ,
ವನಜಕ್ಕನ ತಮ್ಮ
ಜುಂಜೇಶ್