ಬಿಳಿ ರೆಕ್ಕೆಯ ಹೊಲಿಗೆ

ಮಾರ್ಚ್ 3, ಸೋಮವಾರ

ಮತ್ತೆ ಎರಡನೇ ಅಂಕದ ರಿಹರ್ಸಲ್. ಮತ್ತೆ ಬಲಭುಜದ ಹಿಂದೆ ನಿಂತದ್ದು. ನಾಟಕದ ನಾಯಕ, ಕೀರ್ತಿಗಾಗಿ ಸೈತಾನನಿಗೆ ಆತ್ಮ ಮಾರಿಕೊಳ್ಳಲು ಹೊರಟ ವೈದ್ಯ. ಅವನ ಬಲಗಡೆ ಒಳ್ಳೆಯ ದೇವತೆ — ನಾನು. ಎಡಗಡೆ ಕೆಟ್ಟ ದೇವತೆ — ತಂಗಿ. ನಾನು "ಬಾಗಿಲು ಇನ್ನೂ ತೆರೆದಿದೆ" ಅನ್ನಬೇಕು. ಅವಳು "ಬಾಗಿಲು ಮುಚ್ಚಿ ಆಯಿತು" ಅನ್ನಬೇಕು. ಎಲ್ಲರೂ ನೋಡುವುದು ಅವಳನ್ನೇ. ನೋಡದೆ ಏನು ಮಾಡುತ್ತಾರೆ, ಕಣ್ಣು ಅಂದರೆ ಅವಳದು.

ಟೀ ಹೊತ್ತಿಗೆ ನಮ್ಮ ನಿರ್ದೇಶಕ ಮೇಷ್ಟ್ರ ಪಾಠ. "ಈ ದೇವತೆಗಳು ಈ ನಾಟಕ ಬರೆದೋನು ಹುಟ್ಟೋಕೆ ಮುಂಚೇನೇ ಇದ್ರಮ್ಮ. ಆಗ ಅವನ ದೇಶದ ಊರೂರಲ್ಲಿ ನೀತಿನಾಟಕ ಆಡ್ತಿದ್ರು. ಪಾಪ, ಪುಣ್ಯ, ಹೊಟ್ಟೆಕಿಚ್ಚು — ಎಲ್ಲಾ ವೇಷ ಹಾಕ್ಕೊಂಡು ಬರ್ತಿದ್ವು. ಅದ್ರಲ್ಲಿ ಮನುಷ್ಯ ಕೊನೇಲಿ ತಪ್ಪು ಒಪ್ಕೊಂಡು ಉಳ್ಕೋತಾನೆ. ನಮ್ಮ ನಾಟಕಕಾರ ದೇವತೆಗಳನ್ನ ಇಟ್ಕೊಂಡ, ಉಳಿಯೋದನ್ನ ಕಿತ್ತು ಹಾಕ್ದ. ಅದಕ್ಕೇ ಇದು ದುರಂತ."

"ನಮ್ಮಲ್ಲಿ ಹೊಟ್ಟೆಕಿಚ್ಚಿನ ಪಾತ್ರ ಯಾರಿಗೆ ಮೇಷ್ಟ್ರೇ?" ಅಂದಳು ತಂಗಿ. ಎಲ್ಲರೂ ನಕ್ಕರು. ನಾನೂ.

ಮಾರ್ಚ್ 6

ತಂಗಿಗೆ ಕಾಗದ. ರಾಜಧಾನಿಯ ದೊಡ್ಡ ನಾಟಕ ಕಂಪನಿಯಿಂದ. ಥಿಯೇಟರಿನ ವಿಳಾಸಕ್ಕೆ ಬಂದಿತ್ತು, ನಾನೇ ಸಹಿ ಹಾಕಿ ತೆಗೆದುಕೊಂಡೆ. ಒಡೆದೆ. ಮುಖ್ಯ ಪಾತ್ರಗಳು, ಎರಡು ವರ್ಷ. ಇಪ್ಪತ್ತನೇ ತಾರೀಖಿನೊಳಗೆ ಒಪ್ಪಿಗೆ ತಿಳಿಸದಿದ್ದರೆ ಬೇರೆಯವರಿಗೆ.

ನಾಳೆ ಕೊಡುತ್ತೇನೆ.

ಮಾರ್ಚ್ 7

ಕೊಡಲಿಲ್ಲ. ನನ್ನ ವೇಷದ ಬಿಳಿ ರೆಕ್ಕೆಯ ಅಸ್ತರಿನೊಳಗೆ ಇಟ್ಟು ನಾಲ್ಕು ಹೊಲಿಗೆ ಹಾಕಿದೆ. ಮನೆಯಲ್ಲಿ ಇಡುವ ಹಾಗಿಲ್ಲ, ಇಬ್ಬರಿಗೂ ಒಂದೇ ಬೀರು. ಅವಳಿಗೆ ಮಾತು ಕಲಿಸಿದ್ದು ನಾನು. ಕೈಹಿಡಿದು ಈ ಸ್ಟೇಜಿಗೆ ತಂದದ್ದು ನಾನು. ಇಷ್ಟು ವರ್ಷದಲ್ಲಿ ನನ್ನನ್ನು ಹುಡುಕಿಕೊಂಡು ಒಂದು ಕಾಗದ ಬಂದಿಲ್ಲ... ಹೊಟ್ಟೆ ಉರಿಯುತ್ತದೆ. ಬರೆದುಬಿಟ್ಟೆ, ಸಾಕು.

ಮಾರ್ಚ್ 15

ಐದನೇ ಶೋ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕೈ ಎತ್ತಿದಾಗೆಲ್ಲ ಕಿವಿಯ ಹಿಂದೆ ಕಾಗದದ ಗರಗರ. ವೈದ್ಯ ನನ್ನ ಕಡೆ ತಿರುಗಿದ. ನಾನು "ಬಾಗಿಲು ಮುಚ್ಚಿ ಆಯಿತು" ಅಂದುಬಿಟ್ಟೆ!

ತಂಗಿಯ ಮಾತನ್ನೂ ಕದ್ದಂತಾಯಿತು. ಅವಳು ನನ್ನನ್ನೇ ನೋಡಿದಳು. ಆಮೇಲೆ ಮೆತ್ತಗೆ, ಕಪ್ಪು ರೆಕ್ಕೆಯಲ್ಲೇ, "ಬಾಗಿಲು ಇನ್ನೂ ತೆರೆದಿದೆ" ಅಂದಳು. ಆಟ ಉಳಿಯಿತು.

ಬೈಸಿಕೊಳ್ಳಲು ತಯಾರಾಗಿಯೇ ಹೋದೆ. ಮೇಷ್ಟ್ರು ಕಣ್ಣರಳಿಸಿ ಕೂತಿದ್ದರು. "ಇಷ್ಟು ದಿನ ಉಲ್ಟಾ ಹಂಚಿದ್ದೆ ಕಣಮ್ಮ. ಕೆಟ್ಟ ಮಾತು ನಿನ್ನ ಬಾಯಲ್ಲಿ ಎಷ್ಟು ನಿಜ ಅನ್ಸುತ್ತೆ! ಹತ್ತೊಂಬತ್ತರ ಆಟಕ್ಕೆ ಅದಲುಬದಲು. ರೆಕ್ಕೆ ಸಮೇತ."

ದಾರಿಯಲ್ಲಿ ತಂಗಿ: "ಅಕ್ಕಾ, ಏನೋ ಕೊರೀತಿದೆ ನಿಂಗೆ. ನನ್ನ ಹತ್ರ ಹೇಳ್ಬಾರ್ದಾ?"

"ತಲೆನೋವು ಕಣೆ" ಅಂದೆ.

ಮಾರ್ಚ್ 18

ಕಾಸ್ಟ್ಯೂಮ್ ರೂಮಿಗೆ ಮೂರು ಸಲ ಹೋದೆ. ಕೈಯಲ್ಲಿ ಕತ್ತರಿ. ಕಾಗದ ತೆಗೆದು ಹರಿದು ಹಾಕಿದರೆ ಯಾರಿಗೂ ಗೊತ್ತಾಗದು. ತೆಗೆದು ಅವಳ ಕೈಗೆ ಕೊಟ್ಟರೂ ಮುಗಿಯಿತು. ಎರಡಕ್ಕೂ ಧೈರ್ಯ ಬರಲಿಲ್ಲ. ಕೊನೆಗೆ ನಾಲ್ಕು ಹೊಲಿಗೆಯಲ್ಲಿ ಮೂರು ಬಿಚ್ಚಿಟ್ಟು ಬಂದೆ. ನನ್ನ ಬದಲು ರೆಕ್ಕೆ ಬಾಯಿ ಬಿಡಲಿ ಅಂತ. ಹೇಡಿ ನಾನು.

ಮಾರ್ಚ್ 19, ಸಂಜೆ 5.40

ಗ್ರೀನ್ ರೂಮ್. ಕಪ್ಪು ರೆಕ್ಕೆ ಎಷ್ಟು ಹಗುರ. ಪರದೆಯ ಆಚೆ ತಂಗಿ ಬಿಳಿಯದನ್ನು ಕಟ್ಟಿಕೊಳ್ಳುತ್ತಿದ್ದಾಳೆ, ಏನೋ ಗುನುಗುತ್ತ.

"ಅಯ್ಯೋ, ಇದ್ರೊಳಗೇನೋ ಗರಗರ ಅಂತಿದೆ!"

ದಾರ ಕಿತ್ತ ಸದ್ದು. ಕಾಗದ ಬಿಚ್ಚಿದ ಸದ್ದು. ಗುನುಗು ನಿಂತಿತು.

ಒಪ್ಪಿಗೆ ತಿಳಿಸಲು ಇನ್ನೂ ಒಂದು ದಿನ ಇದೆ. ಮೊದಲು ಅದನ್ನೇ ಹೇಳಬೇಕು. ಇಲ್ಲ, ಮೊದಲು ತಪ್ಪಾಯಿತು ಅನ್ನಬೇಕು.

ಕರೆದಳು. ಅಕ್ಕಾ ಅಂತಲ್ಲ. ಹೆಸರು ಹಿಡಿದು. ಮಾತು ಕಲಿತಾಗಿನಿಂದ ಒಂದು ಸಲವೂ ಅವಳು ನನ್ನನ್ನು —